ಹರಾಜು ಖಾತೆಗೆ ಕನ್ನ ಬಿತ್ತು, ಈಗ ಸೈಟಿನವರೂ ಬಾಗಿಲು ಹಾಕಿದ್ದಾರೆ. ಏನು ಮಾಡಲಿ?

ನೀಲಿಶಾಯಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಒಂಬತ್ತು ವರ್ಷದಿಂದ ಒಂದು ಆನ್‌ಲೈನ್ ಹರಾಜು ಸೈಟಿನಲ್ಲಿ ಹಳೆಯ ಇಂಕ್ ಪೆನ್ನು ಮಾರುತ್ತಿದ್ದೇನೆ. ದೊಡ್ಡ ವ್ಯಾಪಾರ ಏನಲ್ಲ, ತಿಂಗಳಿಗೆ ನಾಲ್ಕೋ ಐದೋ. ಆದರೆ ಒಂದೊಂದನ್ನೂ ಬಿಚ್ಚಿ, ತೊಳೆದು, ನಿಬ್ಬು ಸರಿ ಮಾಡಿ, ಒಂದು ಪುಟ ಬರೆದು ನೋಡಿಯೇ ಕಳಿಸುವುದು. 412 ಜನ ರೇಟಿಂಗ್ ಕೊಟ್ಟಿದ್ದಾರೆ, ಒಂದೂ ಕೆಟ್ಟದ್ದಿರಲಿಲ್ಲ.

ಶನಿವಾರ ಬೆಳಗ್ಗೆ ಲಾಗಿನ್ ಆಗೋಣ ಅಂದರೆ ಪಾಸ್‌ವರ್ಡ್ ತಪ್ಪು ಅಂತ ಬಂತು. ನಾನೇ ಮರೆತಿರಬೇಕು ಅಂತ ರೀಸೆಟ್ ಒತ್ತಿದೆ. ಮೇಲ್ ಬರಲೇ ಇಲ್ಲ. ಲಾಗಿನ್ ಆಗದೆ ಹೊರಗಿನಿಂದ ನನ್ನ ಪುಟ ತೆರೆದು ನೋಡಿದರೆ ಎದೆ ಧಸಕ್ಕೆಂದಿತು. ಹನ್ನೊಂದು ಕ್ಯಾಮೆರಾ ಲೆನ್ಸ್ ಹರಾಜಿಗಿವೆ! ಜನ್ಮದಲ್ಲಿ ನಾನು ಲೆನ್ಸ್ ಮಾರಿದವನಲ್ಲ. ಎಲ್ಲವೂ ಒಂದೇ ದಿನದ ಹರಾಜು. ಪ್ರತಿ ಫೋಟೋದ ಕೆಳಗಡೆ, ಫೋಟೋದೊಳಗೇ ಸಣ್ಣ ಅಕ್ಷರದಲ್ಲಿ ಒಂದು ಮೇಲ್ ವಿಳಾಸ, ‘ಬಿಡ್ ಮಾಡುವ ಮೊದಲು ಇಲ್ಲಿಗೆ ಬರೆಯಿರಿ’ ಅಂತ.

ಸೈಟಿನ ಚಾಟ್‌ನಲ್ಲಿ ತಿಳಿಸಿದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಖಾತೆಯೇ ಅಮಾನತು. ಯಾಕೆ ಅಂತ ಕೇಳಿದರೆ ‘ನಿಯಮ ಉಲ್ಲಂಘನೆ, ವಿವರ ಮೇಲ್‌ನಲ್ಲಿದೆ’ ಅಂದರು. ಯಾವ ಮೇಲೂ ಇಲ್ಲ. ಕಳ್ಳ ನುಗ್ಗಿದ್ದು ನನ್ನ ಮನೆಗೆ, ಹೊರಗೆ ನಿಲ್ಲಿಸಿದ್ದೂ ನನ್ನನ್ನೇ.

ಇನ್ನೊಂದು ಮೇಲ್ ಐಡಿಯಲ್ಲಿ ಹೊಸ ಖಾತೆ ಮಾಡಿಬಿಡಲಾ? ಸರ್ಚ್ ಮಾಡಿದಾಗ ಒಂದು ಸಹಾಯವಾಣಿ ನಂಬರ್ ಸಿಕ್ಕಿತು. ಅವನು ಒಂದು ಆ್ಯಪ್ ಹಾಕಿಕೊಂಡು ಸ್ಕ್ರೀನ್ ತೋರಿಸಿದರೆ ಹತ್ತು ನಿಮಿಷದಲ್ಲಿ ಬಿಡಿಸಿಕೊಡುತ್ತೇನೆ ಅಂದ. ಇನ್ನೂ ಹಾಕಿಲ್ಲ. ಇದರ ಮೇಲೆ, ಎರಡು ಪೆನ್ನಿಗೆ ಹಣ ಬಂದಿದೆ, ಕಳಿಸಬೇಕು. ವಿಳಾಸ ಖಾತೆಯೊಳಗಿದೆ. ಅವರು ನನ್ನನ್ನು ಏನಂದುಕೊಳ್ಳುತ್ತಾರೋ ಅನ್ನುವುದೇ ಜಾಸ್ತಿ ಸಂಕಟ.

ರಾತ್ರಿಪಾಳಿ:

ಮೊದಲನೆಯದು, ಆ ನಂಬರಿಗೆ ಮತ್ತೆ ಫೋನ್ ಮಾಡಬೇಡಿ. ಆ್ಯಪ್ ಹಾಕದೇ ಇದ್ದದ್ದು ಒಳ್ಳೆಯದಾಯಿತು. ಖಾತೆ ಕಳೆದುಕೊಂಡವರು ಗಾಬರಿಯಲ್ಲಿ ಹುಡುಕುತ್ತಾರೆ ಅಂತ ಗೊತ್ತಿದ್ದೇ ಇಂಥ ನಂಬರುಗಳನ್ನು ಹರಡಿರುತ್ತಾರೆ. ಸ್ಕ್ರೀನ್ ಸಿಕ್ಕಿದರೆ ಬ್ಯಾಂಕೂ ಅವನ ಕೈಗೆ. ಸೈಟಿನ ವಿಳಾಸ ನೀವೇ ಟೈಪ್ ಮಾಡಿ, ಅದರೊಳಗಿನ ಸಹಾಯ ಪುಟದಿಂದಲೇ ಹೋಗಿ.

ನಾನು ಮೂರು ವರ್ಷ ಇಂಥದ್ದೇ ಒಂದು ಸೈಟಿನ ಸಹಾಯ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ, ಬಹುಪಾಲು ರಾತ್ರಿ ಪಾಳಿ. ಅಮಾನತು ಅಂದ ಕೂಡಲೇ ಶಿಕ್ಷೆ ಅಂದುಕೊಳ್ಳಬೇಡಿ. ಅದರಿಂದ ಹನ್ನೊಂದು ಲೆನ್ಸ್ ಹರಾಜು ನಿಂತವು, ಅಲ್ವಾ? ಅಲ್ಲಿ ಕೂತವರಿಗೆ ಆ ಹೊತ್ತಲ್ಲಿ ಕಾಣುವುದು ಇಷ್ಟೇ: ಪೆನ್ನು ಮಾರುವ ಖಾತೆಯಿಂದ ದಿಢೀರನೆ ದುಬಾರಿ ಲೆನ್ಸ್, ಒಂದು ದಿನದ ಹರಾಜು, ಹಣ ಹೋಗುವ ಬ್ಯಾಂಕ್ ಖಾತೆ ಬೇರೆ. ಮಾಲೀಕನೇ ಹೀಗೆ ಮಾಡಿದನೋ, ಹೊರಗಿನವನು ನುಗ್ಗಿದನೋ ಅಂತ ತಿಳಿಯಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಇನ್ನೂ ನಾಲ್ಕು ಜನ ದುಡ್ಡು ಕಳೆದುಕೊಳ್ಳುವ ಬದಲು ಮುಚ್ಚಿಬಿಡುತ್ತಾರೆ.

ಹೊಸ ಖಾತೆ ಬೇಡವೇ ಬೇಡ. ಅದೇ ಕಂಪ್ಯೂಟರ್, ಅದೇ ಐಪಿ (ನಿಮ್ಮ ಇಂಟರ್ನೆಟ್ ಸಂಪರ್ಕದ ವಿಳಾಸ), ಅದೇ ಫೋನ್ ನಂಬರ್, ಅದೇ ಬ್ಯಾಂಕ್. ಸೈಟು ಇವನ್ನೆಲ್ಲ ಜೋಡಿಸಿ ನೋಡುತ್ತದೆ. ಅಮಾನತಿನಲ್ಲಿರುವಾಗ ಇನ್ನೊಂದು ತೆರೆದರೆ ಅದು ನಿಜವಾಗಿಯೂ ನಿಯಮ ಮುರಿದ ಹಾಗೆ. ಈಗ ನಿಮ್ಮ ಕಡೆ ತಪ್ಪಿಲ್ಲ, ಆಮೇಲೆ ಇರುತ್ತದೆ. ಮನೆಯವರ ಖಾತೆಯಿಂದ ಮಾರಲೂ ಹೋಗಬೇಡಿ, ಅದೂ ಸಿಕ್ಕಿಬೀಳುತ್ತದೆ.

ಈಗ ನನಗೆ ಭಯ ಆಗಿದ್ದು ಎಲ್ಲಿ ಅಂದರೆ, ರೀಸೆಟ್ ಮೇಲ್ ಬರಲಿಲ್ಲ ಅಂದಿರಲ್ಲ, ಅಲ್ಲಿ. ಕಳ್ಳ ಖಾತೆಯಲ್ಲಿ ಮೇಲ್ ವಿಳಾಸ ಬದಲಿಸಿದ್ದರೂ ಹಳೆಯ ವಿಳಾಸಕ್ಕೆ ‘ಬದಲಾಗಿದೆ’ ಅಂತ ಒಂದು ಸೂಚನೆ ಸಾಮಾನ್ಯವಾಗಿ ಬರುತ್ತದೆ. ಅದೂ ಇಲ್ಲ, ಅಮಾನತಿನ ಮೇಲೂ ಇಲ್ಲ ಅಂದರೆ ಅವನು ನಿಮ್ಮ ಮೇಲ್ ಒಳಗೇ ಕೂತಿರುವ ಸಾಧ್ಯತೆ ಜಾಸ್ತಿ. ಮೇಲ್ ಸೆಟ್ಟಿಂಗ್‌ಗೆ ಹೋಗಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎರಡನ್ನೂ ನೋಡಿ. ಈಗಲೇ ನೋಡಿ, ಬೇರೆ ಎಲ್ಲ ಆಮೇಲೆ. ಪೆನ್ನು ಕೊಂಡ ಇಬ್ಬರ ವಿಳಾಸವೂ ಮಾರಾಟವಾದಾಗ ಬಂದ ಮೇಲ್‌ನಲ್ಲಿ ಇರಬಹುದು.

ನೀಲಿಶಾಯಿ:

ಕೈ ನಡುಗುತ್ತಿದೆ. ಫಿಲ್ಟರ್ ಇತ್ತು, ಒಂದೇ ಒಂದು. ನಾನು ಹಾಕಿದ್ದಲ್ಲ. ಹರಾಜು ಸೈಟಿನಿಂದ ಏನೇ ಬಂದರೂ ‘ಓದಿದೆ’ ಅಂತ ಗುರುತು ಹಾಕಿ ನೇರ ಕಸದ ಬುಟ್ಟಿಗೆ. ಬುಟ್ಟಿ ತೆರೆದರೆ 23 ಮೇಲ್. ರಾತ್ರಿ 1:47ಕ್ಕೆ ‘ನಿಮ್ಮ ಪಾಸ್‌ವರ್ಡ್ ಬದಲಾಗಿದೆ’. 1:52ಕ್ಕೆ ‘ಹೊಸ ಬ್ಯಾಂಕ್ ಖಾತೆ ಸೇರಿಸಲಾಗಿದೆ’. 2:10ಕ್ಕೆ ಮೊದಲ ಲೆನ್ಸ್. ಅಷ್ಟು ಹೊತ್ತೂ ನಾನು ಪಕ್ಕದಲ್ಲಿ ಫೋನ್ ಇಟ್ಟುಕೊಂಡೇ ಮಲಗಿದ್ದೆ. ಒಂದು ಸದ್ದೂ ಬರಲಿಲ್ಲ.

ಅಮಾನತಿನ ಮೇಲ್ ಕೂಡ ಅಲ್ಲೇ ಇದೆ. ನಿಮ್ಮ ಖಾತೆ ಬೇರೆಯವರ ಕೈ ಸೇರಿರಬಹುದು, ಹೀಗೆ ಹೀಗೆ ಮಾಡಿ ಅಂತ ಎಲ್ಲ ಬರೆದಿದ್ದಾರೆ. ನಾನು ಅವರನ್ನು ಸುಮ್ನೆ ಬೈದುಕೊಂಡೆ.

ಮೇಲ್‌ಗೂ ಹರಾಜು ಖಾತೆಗೂ ಒಂದೇ ಪಾಸ್‌ವರ್ಡ್ ಇತ್ತು. ಹಳೆಯ ಇನ್ನೊಂದೆರಡು ಸೈಟಿಗೂ ಅದೇ. ಈಗಲೇ ಬದಲಿಸುತ್ತಿದ್ದೇನೆ.

ಎರಡುಬೀಗ:

ಒಂದು ನಿಮಿಷ ತಡೆಯಿರಿ. ಬದಲಿಸುವ ಮೊದಲು ಯಾವ ಯಂತ್ರದಲ್ಲಿ ಕೂತಿದ್ದೀರಿ ನೋಡಿ. ಮೇಲ್ ಮೊದಲು ಅನ್ನುವುದು ಸರಿಯೇ, ಆದರೆ ಕಂಪ್ಯೂಟರಿನಲ್ಲೇ ಕದಿಯುವ ಪ್ರೋಗ್ರಾಂ ಇದ್ದರೆ ಹೊಸ ಪಾಸ್‌ವರ್ಡ್ ಕೂಡ ಟೈಪ್ ಮಾಡುತ್ತಿದ್ದ ಹಾಗೇ ಅವನಿಗೆ ಹೋಗುತ್ತದೆ. ಈಚೆಗೆ ಬರುವ ಇಂಥ ಪ್ರೋಗ್ರಾಂಗಳು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಜೊತೆಗೆ ಕುಕಿಯನ್ನೂ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟು ಬ್ರೌಸರಿನಲ್ಲಿ ಇಟ್ಟ ಗುರುತು) ಎತ್ತಿಕೊಂಡು ಹೋಗುತ್ತವೆ. ಕುಕಿ ಸಿಕ್ಕಿದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ಆಗಲೇ ಲಾಗಿನ್ ಆದವರ ಹಾಗೆ ಒಳಗೆ ನಡೆಯಬಹುದು. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಏನಾದರೂ ಹಾಕಿದ್ದಿರಾ? ಹಾಕಿದ್ದರೆ ಈ ಕೆಲಸವೆಲ್ಲ ನಂಬಿಕೆಯ ಇನ್ನೊಂದು ಸಾಧನದಿಂದ ಮಾಡಿ.

ಪಾಸ್‌ವರ್ಡ್ ಬದಲಿಸಿದ ಮೇಲೆ ಮೇಲ್‌ನಲ್ಲಿ ‘ಎಲ್ಲ ಸಾಧನಗಳಿಂದ ಹೊರಬನ್ನಿ’ ಅನ್ನುವುದನ್ನು ಒತ್ತಿ. ರಿಕವರಿ ಫೋನ್, ರಿಕವರಿ ಮೇಲ್ ನಿಮ್ಮದೇನಾ ನೋಡಿ. ಎಷ್ಟೋ ಸಲ ಕಳ್ಳ ತನ್ನದೊಂದು ನಂಬರ್ ಸೇರಿಸಿ ಸುಮ್ನಿರುತ್ತಾನೆ, ನೀವು ಎಲ್ಲ ಸರಿ ಮಾಡಿದ ಮೇಲೆ ತಿಂಗಳು ಬಿಟ್ಟು ಆ ಕಿಂಡಿಯಿಂದ ಮತ್ತೆ ಬರುತ್ತಾನೆ.

ಹರಾಜು ಖಾತೆ ವಾಪಸ್ ಬಂದ ದಿನ ಇದೇ ಥರ ಇನ್ನೊಂದು ಕಡೆ ನೋಡಬೇಕು. ಲಿಸ್ಟಿಂಗ್ ಹಾಕಲು, ಪಾರ್ಸೆಲ್ ಚೀಟಿ ಮುದ್ರಿಸಲು ಹೊರಗಿನ ಆ್ಯಪ್‌ಗಳಿಗೆ ಅನುಮತಿ ಕೊಟ್ಟಿರುತ್ತೇವೆ. ಆ ಅನುಮತಿ ಪಾಸ್‌ವರ್ಡ್‌ನಿಂದ ಬೇರೆಯಾಗಿ ನಡೆಯುತ್ತದೆ. ಈಬೇ ಅನ್ನುವ ದೊಡ್ಡ ಹರಾಜು ಸೈಟು ಇಂಥ ಅನುಮತಿಯ ಟೋಕನ್‌ಗಳನ್ನು (ಆ್ಯಪ್‌ಗೆ ಕೊಡುವ ಡಿಜಿಟಲ್ ಚೀಟಿ) 18 ತಿಂಗಳವರೆಗೆ ನಡೆಯುವ ಹಾಗೆ ಕೊಡುತ್ತದೆ. ಗುರುತಿಲ್ಲದ ಹೆಸರು ಕಂಡರೆ ಕಿತ್ತುಹಾಕಿ.

ಒಂದೇ ಪಾಸ್‌ವರ್ಡ್ ವಿಷಯಕ್ಕೆ ನಿಮ್ಮನ್ನು ಬೈಯಲ್ಲ, ಎಲ್ಲರೂ ಮಾಡಿರುತ್ತಾರೆ. ಯಾವುದೋ ಸೈಟಿನಿಂದ ಸೋರಿದ ಪಟ್ಟಿ ಹಿಡಿದು ಉಳಿದ ಎಲ್ಲ ಕಡೆ ಹಾಕಿ ನೋಡುವುದೇ ಇವರ ಕಸುಬು. ದೊಡ್ಡವರ ಮನೆಯೂ ಸೋರುತ್ತದೆ. 2014ರ ಮೇ ತಿಂಗಳಲ್ಲಿ ಈಬೇ ತನ್ನ ಬಳಕೆದಾರರಿಗೆಲ್ಲ ಪಾಸ್‌ವರ್ಡ್ ಬದಲಿಸಿ ಅಂತ ಹೇಳಬೇಕಾಯಿತು. ಆಗ 14.5 ಕೋಟಿ ಜನ ಇದ್ದರು. ಕೆಲವು ಉದ್ಯೋಗಿಗಳ ಲಾಗಿನ್ ಕದ್ದು ಒಳಗೆ ಬಂದಿದ್ದರು, ಬಂದು ಎರಡು ತಿಂಗಳ ಮೇಲಾಗಿತ್ತು. ಟ್ರಾಯ್ ಹಂಟ್ ಅನ್ನುವವರು 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೌನ್ಡ್’ ಅನ್ನುವ ಸೈಟಿದೆ. ನಿಮ್ಮ ಮೇಲ್ ವಿಳಾಸ ಹಾಕಿದರೆ ಗೊತ್ತಿರುವ ಯಾವ ಸೋರಿಕೆಯಲ್ಲಿ ಅದು ಸಿಕ್ಕಿದೆ ಅಂತ ತೋರಿಸುತ್ತದೆ.

ಎರಡನೇ ಬೀಗಕ್ಕೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಕೇಳುವ ಇನ್ನೊಂದು ಪರೀಕ್ಷೆಗೆ, ಎಸ್ಸೆಮ್ಮೆಸ್ಸಿಗಿಂತ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಕೊಡುವ ಆ್ಯಪ್ ವಾಸಿ. ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಸಾಧನದಲ್ಲಿ ಉಳಿಯುವ ಡಿಜಿಟಲ್ ಕೀಲಿ) ಇದ್ದರೆ ಇನ್ನೂ ವಾಸಿ, ಯಾಕೆಂದರೆ ಅದು ನಿಜವಾದ ಸೈಟಿನ ವಿಳಾಸದಲ್ಲಿ ಮಾತ್ರ ಕೆಲಸ ಮಾಡುತ್ತದೆ, ನಕಲಿ ಪುಟಕ್ಕೆ ನೀವೇ ಮೋಸ ಹೋದರೂ ಅದು ಹೋಗಲ್ಲ.

ಮೂರನೇಸಲ:

ನಾನು ಆ ಕಡೆಯವನು, ಅಂದರೆ ಇಂಥ ಖಾತೆಯಿಂದ ಕೊಂಡು ದುಡ್ಡು ಕಳೆದುಕೊಂಡವನು. ಅದಕ್ಕೇ ಬರೆಯಬೇಕು ಅನ್ನಿಸಿತು.

ನಾನು ನೋಡಿದ್ದು ಒಂದು ಕೈಗಡಿಯಾರ. ಮಾರುವವರಿಗೆ 900ಕ್ಕಿಂತ ಜಾಸ್ತಿ ರೇಟಿಂಗ್. ಅದನ್ನು ನೋಡಿಯೇ ನಂಬಿದೆ. ಆಮೇಲೆ ನೋಡಿದರೆ ಎಲ್ಲ ಮಕ್ಕಳ ಪುಸ್ತಕಕ್ಕೆ ಬಂದ ರೇಟಿಂಗ್, ಕೊನೆಯದು ಬಂದು ಎರಡು ವರ್ಷ ಆಗಿತ್ತು. ಸೈಟಿನ ಹೊರಗೆ ಬ್ಯಾಂಕಿಗೆ ಹಾಕಿದರೆ ಸ್ವಲ್ಪ ಕಡಿಮೆ ಮಾಡುತ್ತೇನೆ ಅಂದ, ಹಾಕಿದೆ. ಹೊರಗೆ ಕೊಟ್ಟ ಹಣಕ್ಕೆ ಸೈಟಿನ ರಕ್ಷಣೆ ಇಲ್ಲ. ಅಲ್ಲಿಗೆ ಮುಗಿಯಿತು.

ನಾನು ಆ ಖಾತೆಯ ಮಾಲೀಕರನ್ನು ವಾರಗಟ್ಟಲೆ ಶಪಿಸಿದೆ. ಒಂದು ದಿನ ಅವರೇ ಬರೆದರು. ಖಾತೆ ಕಳುವಾಗಿತ್ತು, ಇಂಥ ದಿನ ಇಷ್ಟು ಹೊತ್ತಿಗೆ ಪಾಸ್‌ವರ್ಡ್ ಬದಲಾಯಿತು, ನಾನು ಇಂಥ ದಿನ ದೂರು ಕೊಟ್ಟೆ ಅಂತ, ದಾಖಲೆ ಸಮೇತ. ಆ ಕಾಗದವನ್ನು ನನ್ನ ಬ್ಯಾಂಕಿಗೂ ಪೊಲೀಸರಿಗೂ ಕೊಟ್ಟೆ. ಅಲ್ಲಿಯವರೆಗೆ ‘ಮಾಲು ಬರಲಿಲ್ಲ ಅಂತ ಜಗಳ’ ಅಂದುಕೊಂಡಿದ್ದವರು ಆಮೇಲೆ ವಂಚನೆ ಅಂತ ಬರೆದುಕೊಂಡರು. ಅರ್ಧ ಹಣ ಸಿಕ್ಕಿತು.

ನಿಮ್ಮ 23 ಮೇಲ್‌ನಲ್ಲಿ ಕೊಳ್ಳುವವರು ಕೇಳಿದ ಪ್ರಶ್ನೆಗಳೂ ಇರಬಹುದು. ದಯವಿಟ್ಟು ನೋಡಿ. ಅವರಿಗೆ ಬರೆಯುವ ದಾರಿ ಇದ್ದರೆ ಬರೆಯಿರಿ. ಹಣ ಹಾಕಿ ಇನ್ನೂ ಒಂದೆರಡು ದಿನವೇ ಆಗಿದ್ದರೆ ಬ್ಯಾಂಕ್ ತಡೆಯುವ ಸಾಧ್ಯತೆ ಉಂಟು, ದಿನ ಕಳೆದಷ್ಟೂ ಕಷ್ಟ.

ರಾತ್ರಿಪಾಳಿ:

ಮೂರನೇಸಲ ಅವರು ಹೇಳಿದ್ದು ನನ್ನ ಕೆಲಸದಲ್ಲೂ ನೋಡಿದ್ದೇನೆ. ಆ 23 ಮೇಲನ್ನೂ ಈಗಲೇ ಬೇರೆ ಕಡೆ ಉಳಿಸಿಕೊಳ್ಳಿ. ಜಿಮೇಲ್ ಆದರೆ ಕಸದ ಬುಟ್ಟಿಯಲ್ಲಿದ್ದದ್ದು 30 ದಿನಕ್ಕೆ ತಾನಾಗಿ ಅಳಿದುಹೋಗುತ್ತದೆ. ಫಿಲ್ಟರ್ ಅಳಿಸುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ನನ್ನ ಮೇಜಿಗೆ ಅಂಥ ಒಂದು ಚಿತ್ರ ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಮೇಲ್ಮನವಿ ಚಿಕ್ಕದಾಗಿ ಬರೆಯಿರಿ. ಒಂಬತ್ತು ವರ್ಷದ ಪ್ರಾಮಾಣಿಕತೆ, ನೋವು, ಕೋಪ ಎಲ್ಲ ನಿಜ, ಆದರೆ ಓದುವವರ ಮುಂದೆ ಇನ್ನೂ ಅರವತ್ತು ಕಾದಿರುತ್ತವೆ. ಗಂಟೆ ಸಮೇತ ಆದದ್ದು, ನೀವು ಆಗಲೇ ಏನು ಸರಿ ಮಾಡಿದ್ದೀರಿ, ಯಾವ ಬ್ಯಾಂಕ್ ಖಾತೆ ನಿಮ್ಮದಲ್ಲ, ಯಾವ ಲಿಸ್ಟಿಂಗ್ ನಿಮ್ಮದಲ್ಲ. ಗುರುತಿನ ಚೀಟಿಯ ಹೆಸರೂ ಖಾತೆಯ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿದ್ದಕ್ಕೆ ವಾಪಸ್ ಹೋದ ಮನವಿಗಳನ್ನು ನಾನೇ ನೋಡಿದ್ದೇನೆ. ಹಾಗೇನಾದರೂ ಇದ್ದರೆ ಮೊದಲೇ ಒಂದು ಸಾಲಲ್ಲಿ ಹೇಳಿಬಿಡಿ. ದಿನಕ್ಕೆ ಮೂರು ಹೊಸ ದೂರು ಹಾಕಬೇಡಿ, ಒಂದೇ ನಂಬರಿನಲ್ಲಿ ಮುಂದುವರಿಸಿ, ಇಲ್ಲದಿದ್ದರೆ ಮೂವರ ಮೇಜಿಗೆ ಹಂಚಿಹೋಗಿ ಯಾರಿಗೂ ಪೂರ್ತಿ ಕಥೆ ಸಿಗಲ್ಲ. ಮೋಸದ ಲಿಸ್ಟಿಂಗ್‌ಗೆ ಸೈಟು ಹಾಕಿದ ಶುಲ್ಕವನ್ನೂ ತೆಗೆಯಲು ಅದರಲ್ಲೇ ಕೇಳಿ.

ನೀಲಿಶಾಯಿ (ಹನ್ನೆರಡು ದಿನದ ಮೇಲೆ):

ಖಾತೆ ನಿನ್ನೆ ವಾಪಸ್ ಬಂತು. ಎರಡುಬೀಗ ಅವರೇ, ಅನುಮತಿಗಳ ಪಟ್ಟಿಯಲ್ಲಿ ನನಗೆ ಗೊತ್ತಿಲ್ಲದ ಒಂದು ಆ್ಯಪ್ ಇತ್ತು, ಸೇರಿಸಿದ್ದು ಅದೇ ರಾತ್ರಿ 1:58ಕ್ಕೆ. ತೆಗೆದೆ. ನೀವು ಹೇಳದಿದ್ದರೆ ಆ ಪುಟ ಇದೆ ಅಂತಲೇ ನನಗೆ ಗೊತ್ತಾಗುತ್ತಿರಲಿಲ್ಲ. ತಿಂಗಳಿಗೆ ಐದಕ್ಕಿಂತ ಜಾಸ್ತಿ ಲಿಸ್ಟಿಂಗ್ ಸದ್ಯಕ್ಕೆ ಆಗಲ್ಲ ಅಂತ ಮಿತಿ ಹಾಕಿದ್ದಾರೆ, ನನಗೆ ಅಷ್ಟು ಸಾಕು. ಕೆಟ್ಟ ರೇಟಿಂಗ್ ಮೂರು ಬಂದಿದ್ದವು, ಎರಡನ್ನು ತೆಗೆದರು.

ಎರಡು ಪೆನ್ನೂ ಮೊದಲ ವಾರದಲ್ಲೇ ಕಳಿಸಿದೆ, ವಿಳಾಸ ಹಳೆಯ ಮೇಲ್‌ನಲ್ಲೇ ಸಿಕ್ಕಿತು. ತಡ ಆದದ್ದಕ್ಕೆ ಕಾರಣ ಬರೆದು ಒಳಗೆ ಇಟ್ಟೆ.

ಮೂರನೇಸಲ ಅವರೇ, ಆ ಮೇಲ್‌ಗಳಲ್ಲಿ ನಾಲ್ಕು ಜನ ಲೆನ್ಸ್ ಬಗ್ಗೆ ಕೇಳಿದ್ದರು. ಖಾತೆ ಬರುವವರೆಗೆ ಕಾಯಲಿಲ್ಲ, ಸೈಟಿನವರಿಗೆ ಹೇಳಿ ಅವರ ಮೂಲಕವೇ ತಿಳಿಸಿದೆ. ಮೂವರು ಹಣ ಹಾಕಿರಲಿಲ್ಲ. ಒಬ್ಬರು ಹಾಕಿದ್ದರು, ಹೊರಗಿನಿಂದ. ಉಳಿದ ಆ ಮೂರನೇ ಕೆಟ್ಟ ರೇಟಿಂಗ್ ಅವರದ್ದು. ತೆಗೆಸಲು ನಾನು ಕೇಳಿಲ್ಲ. 1:47ರಿಂದ ಶುರುವಾಗುವ ಎಲ್ಲ ಮೇಲ್‌ಗಳ ಪ್ರತಿ, ಫಿಲ್ಟರಿನ ಚಿತ್ರ, ನನ್ನ ದೂರಿನ ನಂಬರ್ ಸೇರಿಸಿ ಅವರಿಗೆ ಕಳಿಸಿದ್ದೇನೆ. ಬ್ಯಾಂಕಿಗೆ ಕೊಟ್ಟಿದ್ದೇನೆ ಅಂತ ಇವತ್ತು ಬೆಳಗ್ಗೆ ಉತ್ತರ ಬರೆದಿದ್ದಾರೆ.