ಮಲ್ಪೆಯ ಶೆಡ್ಡಿಗೆ ‘ನ್ಯಾನೋ ಪೇಂಟ್’ ಹೊಡೆಸಬಹುದಾ?

ಪ್ರಶ್ನೆ: ಸರ್, ಮಲ್ಪೆ ಬಂದರಿನ ಹತ್ತಿರ ನಮ್ಮದೊಂದು ಶೆಡ್ ಇದೆ. ಒಳಗೆಲ್ಲಾ ನೈಲಾನ್ ಬಲೆ. ಪೇಂಟ್ ಹೊಡೆಸಿ ಎರಡು ಮಳೆಗಾಲ ಆಯ್ತು ಅಷ್ಟೇ, ಟ್ರಸ್ (ಮಾಡು ಹೊರುವ ಉಕ್ಕಿನ ಚೌಕಟ್ಟು) ತುಂಬ ಗುಳ್ಳೆ ಎದ್ದು ತುಕ್ಕು ಉದುರುತ್ತಿದೆ. ‘ನ್ಯಾನೋ ಎಪಾಕ್ಸಿ ಹೊಡೆಸಿ, ತುಕ್ಕೂ ಇಲ್ಲ, ಬೆಂಕಿಯ ಭಯವೂ ಇಲ್ಲ’ ಎನ್ನುತ್ತಾರೆ ಪೇಂಟರ್. ನಂಬಬಹುದಾ?

ಉತ್ತರ: ಅರ್ಧ ನಂಬಿ. ತುಕ್ಕಿನ ಮಾತು ಸುಳ್ಳಲ್ಲ. ಎಪಾಕ್ಸಿ ಅಂದ್ರೆ ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳದ ಪೇಂಟ್. ಅದಕ್ಕೆ ನೂರಕ್ಕೆ 2ರಿಂದ 5 ಪಾಲು ನ್ಯಾನೋ ಜೇಡಿ, ಅಂದ್ರೆ ಅತಿ ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುವ ಜೇಡಿಮಣ್ಣಿನ ಪುಡಿ, ಸೇರಿಸುತ್ತಾರೆ. ಆ ಜೇಡಿಯ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮಾಡಿಗೆ ಹಂಚು ಹೊದಿಸಿದ ಹಾಗೆ ಇವು ಒಂದರ ಮೇಲೊಂದು ಕೂರುತ್ತವೆ. ನೀರು, ಉಪ್ಪು ನೇರವಾಗಿ ಇಳಿಯಲಾಗದೆ ಸುತ್ತಿ ಬಳಸಿ ಬರಬೇಕು, ಅಷ್ಟು ತಡವಾಗುತ್ತದೆ. ಆದರೆ ಪುಡಿ ಸರಿಯಾಗಿ ಬೆರೆಯದೆ ಗಂಟು ಕಟ್ಟಿದರೆ ಅಲ್ಲೇ ಸಂದು ಬೀಳುತ್ತದೆ. ಸೈಟಿನಲ್ಲಿ ಕೋಲಿನಿಂದ ಕಲಸುವ ಕೆಲಸ ಇದಲ್ಲ.

ನಿಮ್ಮ ಗುಳ್ಳೆಗೆ ಕಾರಣ ಬಹುಶಃ ಪೇಂಟ್ ಅಲ್ಲ, ಅದರ ಅಡಿಯಲ್ಲಿ ಉಳಿದ ಉಪ್ಪು. ಮೊದಲು ಸಿಹಿನೀರಲ್ಲಿ ತೊಳೆಸಿ. ಒಣಗಿದ ಮೇಲೆ ಬ್ಲಾಸ್ಟಿಂಗ್ (ಗಾಳಿಯ ರಭಸದಲ್ಲಿ ಗರಸು ಎರಚಿ ತುಕ್ಕು ತೆಗೆಯುವುದು) ಮಾಡಿಸಿ, ಅವತ್ತೇ ಜಿಂಕ್ ಪ್ರೈಮರ್ (ಸತುವಿನ ಪುಡಿ ಇರುವ ಅಡಿಕೋಟು) ಹೊಡೆಸಿ. ಸುಮ್ನೆ ವೈರ್ ಬ್ರಷ್ ಉಜ್ಜಿ ಎಂಥಾ ನ್ಯಾನೋ ಬಳಿದರೂ ದುಡ್ಡು ದಂಡ.

ಬೆಂಕಿಯದು ಬೇರೆ ಕತೆ. ಉಕ್ಕು ಉರಿಯುವುದಿಲ್ಲ, ಆದರೆ 550 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಾಮೂಲಿ ಎಪಾಕ್ಸಿಯಂತೂ ತಾನೇ ಉರಿಯುತ್ತದೆ! ನಿಮಗೆ ಬೇಕಾದ್ದು ಬಿಸಿಗೆ ಉಬ್ಬುವ ಪೇಂಟ್, ಇಂಟ್ಯುಮೆಸೆಂಟ್ ಅಂತಾರೆ. ಅದರಲ್ಲಿ ಅಮೋನಿಯಂ ಪಾಲಿಫಾಸ್ಫೇಟ್, ಪೆಂಟಾಎರಿಥ್ರಿಟಾಲ್, ಮೆಲಮೈನ್ ಎಂಬ ರಾಸಾಯನಿಕಗಳು ಇರುತ್ತವೆ. ಕಾದಾಗ ಹಪ್ಪಳದ ಹಾಗೆ ಉಬ್ಬಿ ಕರಿ ನೊರೆಯಾಗಿ ಕಬ್ಬಿಣವನ್ನು ಮುಚ್ಚುತ್ತದೆ. ಆ ನೊರೆ ಉದುರದಂತೆ ಗಟ್ಟಿ ಮಾಡಲು ಇಲ್ಲೂ ನ್ಯಾನೋ ಜೇಡಿ ಬಳಸುವುದುಂಟು. ಟ್ರಸ್ಸಿನ ಸಣ್ಣ ಆಂಗಲ್‌ಗಳು ಬೇಗ ಕಾಯುವುದರಿಂದ ಅವಕ್ಕೆ ಪೇಂಟ್ ದಪ್ಪ ಜಾಸ್ತಿ ಬೇಕು. ಎಷ್ಟು ದಪ್ಪಕ್ಕೆ ಎಷ್ಟು ನಿಮಿಷ ತಡೆಯುತ್ತದೆ ಎಂಬ ಟೆಸ್ಟ್ ರಿಪೋರ್ಟ್ ಕೇಳಿ.

ಇನ್ನೊಬ್ಬ ಸದಸ್ಯರು: ಗ್ರಾಫೀನ್ ಪೇಂಟ್ ಇನ್ನೂ ಒಳ್ಳೆಯದಲ್ವಾ ಸರ್?

ಉತ್ತರ: ಗ್ರಾಫೀನ್ ಅಂದ್ರೆ ಇಂಗಾಲದ ಅತಿ ತೆಳು ಹಾಳೆ. ನೀರು ತಡೆಯುವುದರಲ್ಲಿ ಗಟ್ಟಿಗ. ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ. ಗೀರು ಬಿದ್ದ ಕಡೆ ಗ್ರಾಫೀನ್ ಉಕ್ಕಿಗೆ ತಾಗಿದರೆ ತುಕ್ಕು ಇನ್ನೂ ಬೇಗ ತಿನ್ನಬಹುದು. ಬಲೆ, ಹಗ್ಗ ಎಳೆದಾಡುವ ಜಾಗಕ್ಕೆ ಅದನ್ನು ಹೊಡೆಸಿ ಎಂದು ನಾನಂತೂ ಹೇಳಲಾರೆ.

ಪ್ರಶ್ನೆ ಕೇಳಿದವರು: ರಿಪೋರ್ಟ್ ಕೇಳಿದೆ ಸರ್. ಡಬ್ಬದ ಫೋಟೋ ಕಳಿಸಿದ್ದಾರೆ!

ಉತ್ತರ: ಹಾಗಾದ್ರೆ ಅಡ್ವಾನ್ಸ್ ಕೊಡಬೇಡಿ.