ಅಂಬಾಸಿಡರ್ ಮಾರ್ಕ್ 3: ಬ್ರೇಕ್ ಪೈಪುಗಳನ್ನು ಪೂರ್ತಿ ಬದಲಾಯಿಸಬೇಕೇ, ತುಕ್ಕು ಹಿಡಿದ ಭಾಗ ಮಾತ್ರ ಸಾಕೇ?

ತೋಟದಮನೆ, ನಾಪೋಕ್ಲು:

ಎಲ್ಲರಿಗೂ ನಮಸ್ಕಾರ. ತಂದೆಯವರ ಕಾಲದ ಅಂಬಾಸಿಡರ್ ಮಾರ್ಕ್ 3 ಕಾರು ನಮ್ಮಲ್ಲಿ ಈಗಲೂ ಓಡಾಟದಲ್ಲಿದೆ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತಿದ್ದ ಅದನ್ನು ಮೊನ್ನೆ ಹೊರಗೆ ತೆಗೆಯಲು ಹೋದಾಗ ಬ್ರೇಕ್ ಪೆಡಲ್ ಒಮ್ಮೆಲೇ ನೆಲ ಮುಟ್ಟಿತು. ಕೆಳಗೆ ಮಲಗಿ ನೋಡಿದರೆ, ಹಿಂದಿನ ಆಕ್ಸಲ್ ಮೇಲೆ ಎಡಗಡೆಯ ಚಕ್ರಕ್ಕೆ ಹೋಗುವ ಉಕ್ಕಿನ ಪೈಪಿನಿಂದ ಬ್ರೇಕ್ ಆಯಿಲ್ ಸೋರುತ್ತಿತ್ತು. ಹೊರಗೆ ಕಾಣುವಷ್ಟು ಭಾಗ ಗಟ್ಟಿಯಾಗಿಯೇ ಇತ್ತು. ಪೈಪನ್ನು ಹಿಡಿದಿದ್ದ ತಗಡಿನ ಕ್ಲಿಪ್ ಬಿಡಿಸಿದಾಗ ಅದರ ಒಳಗೆ ಒದ್ದೆ ಮಣ್ಣು ತುಂಬಿಕೊಂಡು, ಪೈಪು ಹಾಳೆ ಹಾಳೆಯಾಗಿ ಎದ್ದು, ಸೂಜಿ ಮೊನೆಯಷ್ಟು ತೂತಾಗಿರುವುದು ಕಂಡಿತು.

ಕರೆಸಿದ ಮೆಕ್ಯಾನಿಕ್ ಆ ಭಾಗವನ್ನು ಕತ್ತರಿಸಿ, ತುಂಡು ಪೈಪು ಸೇರಿಸಿ, ಹಿತ್ತಾಳೆ ಬೆಸುಗೆ ಹಾಕಿಕೊಡುವುದಾಗಿ ಹೇಳುತ್ತಿದ್ದಾರೆ. ಕಾರು ಹೆಚ್ಚಾಗಿ ಮಡಿಕೇರಿಗೆ ಹೋಗಿ ಬರುತ್ತದೆಯಾದರೂ ಆಗಾಗ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆಗೂ ಹೋಗಬೇಕಾಗುತ್ತದೆ. ಬೆಸುಗೆಯನ್ನು ನಂಬಬಹುದೇ, ಅಥವಾ ಪೈಪುಗಳನ್ನೆಲ್ಲ ಬದಲಾಯಿಸಬೇಕೇ? ಬದಲಾಯಿಸುವುದಾದರೆ ಉಕ್ಕಿನದೋ ತಾಮ್ರದ್ದೋ? ಬಲ್ಲವರು ದಯವಿಟ್ಟು ತಿಳಿಸಿ.

ಗ್ಯಾರೇಜು ಕೆಲಸ, ಗೋಣಿಕೊಪ್ಪ:

ಸರ್, ಬೆಸುಗೆ ಬೇಡ. ಆ ಪೈಪು ತೆಳುವಾದ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ಮಾಡಿದ್ದು. ಕೆಂಪಾಗುವಷ್ಟು ಕಾಯಿಸಿದರೆ ತುಕ್ಕು ತಡೆಯುವ ಲೇಪನ ಸುಟ್ಟುಹೋಗಿ, ಬೆಸುಗೆಯ ಎರಡೂ ಪಕ್ಕದಲ್ಲಿ ಮತ್ತಷ್ಟು ಬೇಗ ತೂತಾಗುತ್ತದೆ. ಒಳಗೆ ಉದುರುವ ಕಿಟ್ಟ, ಚಕ್ರದ ಬಳಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿಗೆ ಹೋಗಿ ರಬ್ಬರನ್ನು ಕೆರೆಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಈ ಪೈಪುಗಳಲ್ಲಿ ಚದರ ಇಂಚಿಗೆ ಸಾವಿರ ಪೌಂಡಿನ ಆಸುಪಾಸಿನ ಒತ್ತಡ ಬರುವುದುಂಟು ಎಂಬುದನ್ನು ನಿಮ್ಮ ಮೆಕ್ಯಾನಿಕ್‌ಗೆ ನೆನಪಿಸಿ.

ಇನ್ನು ಒಂದೇ ಪೈಪೋ ಎಲ್ಲವೋ ಎಂಬ ಪ್ರಶ್ನೆಗೆ ನಿಮ್ಮ ಪೆಡಲ್ಲೇ ಉತ್ತರ ಕೊಟ್ಟಿದೆ. ಒಂದು ಚಕ್ರದ ಪೈಪು ತೂತಾದದ್ದಕ್ಕೆ ಪೆಡಲ್ ಪೂರ್ತಿ ನೆಲಕ್ಕೆ ಹೋಯಿತೆಂದರೆ ನಿಮ್ಮದು ನಾಲ್ಕು ಚಕ್ರಗಳಿಗೂ ಸೇರಿ ಒಂದೇ ಸರ್ಕ್ಯೂಟ್ ಇರುವ ಹಳೆಯ ವ್ಯವಸ್ಥೆ. ಎಲ್ಲಿ ಒಡೆದರೂ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಉಳಿದ ಪೈಪುಗಳಿಗೂ ಅಷ್ಟೇ ವಯಸ್ಸಾಗಿದೆ, ಅವೂ ಅಂಥದೇ ಕ್ಲಿಪ್ಪುಗಳ ಅಡಿಯಲ್ಲಿ ಅದೇ ಮಣ್ಣು ತಿಂದಿವೆ. ಎಲ್ಲವನ್ನೂ ತೆಗೆಸಿ. ಜೊತೆಗೆ ಮುಂದಿನ ಎರಡು ಮತ್ತು ಹಿಂದಿನ ಒಂದು ರಬ್ಬರ್ ಹೋಸುಗಳನ್ನೂ ಹೊಸದಾಗಿ ಹಾಕಿಸಿ. ಹಳೆಯ ಹೋಸು ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿಕೊಂಡಿರುತ್ತದೆ. ಆಗ ಒತ್ತಿದ ಬ್ರೇಕ್ ಹಿಡಿಯುತ್ತದೆ, ಕಾಲು ತೆಗೆದ ಮೇಲೆ ಆಯಿಲ್ ಹಿಂದಕ್ಕೆ ಬಾರದೆ ಡ್ರಮ್ ಕಾಯುತ್ತದೆ. ಅಂಥ ಕಾರುಗಳಲ್ಲಿ ವೀಲ್ ಸಿಲಿಂಡರಿನ ಮೇಲೆ ತಪ್ಪು ಹೊರಿಸಿ ಸುಮ್ಮನೆ ದುಡ್ಡು ಕಳೆಯುವವರನ್ನು ಬಹಳ ನೋಡಿದ್ದೇನೆ.

ಹಳೆ ಬಂಡಿ, ಸೋಮವಾರಪೇಟೆ:

ಮೇಲಿನವರ ಮಾತು ಸರಿಯಾಗಿದೆ. ಯಾವ ಪೈಪು ಎಂಬ ಬಗ್ಗೆ ನಾನು ಬರೆಯುತ್ತೇನೆ. ಫ್ರಿಜ್ ಮತ್ತು ಎ.ಸಿ. ಕೆಲಸದವರು ಬಳಸುವ ಮೆದು ತಾಮ್ರದ ಪೈಪು ಎಲ್ಲೆಡೆ ಸುಲಭವಾಗಿ ಸಿಗುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಶುದ್ಧ ತಾಮ್ರ ಸತತ ನಡುಕಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕಿಗೆಂದೇ ಬರುವ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಪೈಪಿನಲ್ಲಿ ನಿಕ್ಕಲ್ ಸುಮಾರು ಶೇಕಡಾ 10ರಷ್ಟಿರುತ್ತದೆ. ವೋಲ್ವೋ ಕಂಪನಿ 1970ರ ದಶಕದಿಂದಲೇ ಇದನ್ನು ತನ್ನ ಕಾರುಗಳಿಗೆ ಹಾಕಿದೆ. ಇದು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಾಗುತ್ತದೆ, ತುದಿಯನ್ನು ಅರಳಿಸುವಾಗ ಸೀಳುವುದೂ ಕಡಿಮೆ. ಅಳತೆ ಹೊರವ್ಯಾಸ 3/16 ಇಂಚು, ಅಂದರೆ 4.75 ಮಿ.ಮೀ.

ಕೆಲಸ ಕೆಡುವುದು ಹೆಚ್ಚಾಗಿ ನಟ್ಟಿನಲ್ಲಿ, ಅಂದರೆ ಪೈಪಿನ ತುದಿಯನ್ನು ಸಿಲಿಂಡರಿನ ತೂತಿಗೆ ಬಿಗಿಯುವ, ಹೊರಮೈಯಲ್ಲಿ ಥ್ರೆಡ್ ಇರುವ ನಟ್ಟಿನಲ್ಲಿ. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಾದುದರಿಂದ ಅದರ ಬ್ರೇಕ್ ನಟ್ಟುಗಳ ಥ್ರೆಡ್ ಇಂಚಿನ ಲೆಕ್ಕದಲ್ಲಿದೆ: 3/8 ಇಂಚಿನ ಯು.ಎನ್.ಎಫ್. (ಸಣ್ಣ ಸುತ್ತಿನ ಥ್ರೆಡ್), ಇಂಚಿಗೆ 24 ಸುತ್ತು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು 10 ಮಿ.ಮೀ. ನಟ್ಟು, 1 ಮಿ.ಮೀ. ಪಿಚ್‌ನದು, ಅಂದರೆ ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಅಂತರ. ಇವೆರಡೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಆದರೆ 3/8 ಇಂಚೆಂದರೆ 9.53 ಮಿ.ಮೀ. ಆದ್ದರಿಂದ ಇಂಚಿನ ನಟ್ಟು ಮಿಲಿಮೀಟರಿನ ತೂತಿಗೆ ಸಲೀಸಾಗಿ ಇಳಿದು, ಬಿಗಿಯಾದಂತೆ ತೋರಿ, ಒತ್ತಡ ಬಿದ್ದಾಗ ಕಿತ್ತು ಬರಬಹುದು. ಮಿಲಿಮೀಟರಿನ ನಟ್ಟನ್ನು ಇಂಚಿನ ತೂತಿಗೆ ಪಾನಾ ಹಾಕಿ ತಿರುಗಿಸಿದರೆ ಸಿಲಿಂಡರಿನ ಥ್ರೆಡ್ಡೇ ಹಾಳಾಗುತ್ತದೆ. ನಿಮ್ಮ ಕಾರಿಗೆ ಇಷ್ಟು ವರ್ಷಗಳಲ್ಲಿ ಯಾರು ಯಾವ ಸಿಲಿಂಡರ್ ಹಾಕಿದ್ದಾರೋ ಹೇಳಲಾಗದು, ಹೀಗಾಗಿ ಪ್ರತಿ ನಟ್ಟನ್ನೂ ಥ್ರೆಡ್ ಗೇಜಿನಲ್ಲಿ ಅಳೆದೇ ಹೊಸತನ್ನು ತರಿಸಿ. ನಟ್ಟು ಪೂರ್ತಿ ಕೈಬೆರಳಿನಲ್ಲಿಯೇ ಇಳಿಯಬೇಕು, ಆದರೆ ಅಲುಗಾಡಬಾರದು. ಪಾನಾ ಬೇಕಾಗುವುದು ಕೊನೆಯ ಬಿಗಿಗೆ ಮಾತ್ರ.

ಪೈಪಿನ ತುದಿಯ ಆಕಾರವೂ ಎರಡು ಬಗೆ. ಸಿಲಿಂಡರಿನ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಮೇಲಕ್ಕೆ ಎದ್ದ ಶಂಕುವಿದ್ದರೆ ಪೈಪಿನ ತುದಿ ಒಳಕ್ಕೆ ಮಡಿಚಿದ ಎರಡು ಪದರದ ಅಗಲ ಬಾಯಿಯಾಗಿರಬೇಕು. ತಳ ತಗ್ಗಾಗಿದ್ದರೆ ತುದಿ ಅಣಬೆಯ ತಲೆಯಂತೆ ದುಂಡಗಿರಬೇಕು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ಎಷ್ಟು ಬಿಗಿದರೂ ಸೋರುವುದು ನಿಲ್ಲುವುದಿಲ್ಲ. ಪೈಪನ್ನು ಹ್ಯಾಕ್ಸಾದಲ್ಲಿ ಕೊಯ್ಯದೆ ಪೈಪ್ ಕಟರಿನಲ್ಲಿ ಕತ್ತರಿಸಿ, ಒಳಗಿನ ಚೂಪನ್ನು ಕೆರೆದು ತೆಗೆಯಿರಿ. ಮತ್ತು ತುದಿ ಅರಳಿಸುವ ಮೊದಲು ನಟ್ಟು ಪೋಣಿಸಿ. ನಗಬೇಡಿ, ಇದನ್ನು ಮರೆಯದ ಮೆಕ್ಯಾನಿಕ್ ಇಲ್ಲ.

ಹಿರಿಯ ಚಾಲಕ, ವಿರಾಜಪೇಟೆ:

ಮಿಶ್ರಲೋಹದ ಪೈಪಿನ ಬಗ್ಗೆ ನನ್ನ ಆಕ್ಷೇಪವೇನಿಲ್ಲ, ಆದರೆ ಅದು ಸಿಗುವವರೆಗೆ ಕಾರು ನಿಲ್ಲಿಸಬೇಕಾಗಿಯೂ ಇಲ್ಲ. ಕಂಪನಿಯ ಉಕ್ಕಿನ ಪೈಪು ನಮ್ಮ ಕೊಡಗಿನ ಮಳೆಯಲ್ಲಿಯೇ ದಶಕಗಳ ಕಾಲ ಬಾಳಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್ ಸಾಮಾನು ಇಟ್ಟಿರುವ ಅಂಗಡಿಗಳಲ್ಲಿ ಒಮ್ಮೆ ಕೇಳಿ. ನಟ್ಟು ಸಮೇತ ತಯಾರಾದ ಪೈಪು ಸಿಕ್ಕರೆ ಮೇಲೆ ಹೇಳಿದ ತಲೆನೋವಿನಲ್ಲಿ ಅರ್ಧ ತಪ್ಪುತ್ತದೆ. ಹಾಕಿದ ಮೇಲೆ ಬಣ್ಣ ಬಳಿದು, ಕ್ಲಿಪ್ಪಿನ ಒಳಗೆ ಗ್ರೀಸ್ ಸವರಿ, ಮಳೆಗಾಲಕ್ಕೆ ಮುಂಚೆ ಆಕ್ಸಲ್ ಮೇಲಿನ ಮಣ್ಣನ್ನು ತೊಳೆಯುತ್ತಿದ್ದರೆ ಸಾಕು. ಹಳೆಯ ಪೈಪುಗಳನ್ನು ಮಾತ್ರ ಎಸೆಯಬೇಡಿ, ಬಾಗು ತೆಗೆಯಲು ಅವೇ ಮಾದರಿ.

ತೋಟದಮನೆ, ನಾಪೋಕ್ಲು:

ಎಲ್ಲರಿಗೂ ಧನ್ಯವಾದ. ಎಲ್ಲ ಪೈಪುಗಳನ್ನೂ ಹೋಸುಗಳನ್ನೂ ಬದಲಾಯಿಸುವುದೆಂದು ನಿರ್ಧರಿಸಿದ್ದೇನೆ. ಇನ್ನೊಂದು ಸಂದೇಹವಿದೆ. ಸಿಲಿಂಡರುಗಳನ್ನು ಪೆಟ್ರೋಲಿನಲ್ಲಿ ತೊಳೆದು ಜೋಡಿಸುತ್ತೇನೆಂದು ಮೆಕ್ಯಾನಿಕ್ ಹೇಳುತ್ತಾರೆ. ತೊಂದರೆ ಇಲ್ಲವೇ? ಆಯಿಲ್ ಯಾವುದು ಹಾಕಬೇಕು?

ಗ್ಯಾರೇಜು ಕೆಲಸ, ಗೋಣಿಕೊಪ್ಪ:

ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಯಾವುದೂ ಬ್ರೇಕಿನ ಒಳಭಾಗಕ್ಕೆ ತಾಗಬಾರದು. ಅವು ಉಳಿದಲ್ಲಿ ರಬ್ಬರ್ ವಾಷರುಗಳು ಊದಿಕೊಂಡು ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲಿನಲ್ಲಿಯೇ ತೊಳೆಯಲಿ. ಹೊಸ ಪೈಪಿನೊಳಗೂ ಗಾಳಿ ಊದಿ ಚೂರುಗಳನ್ನು ಹೊರಹಾಕಲಿ.

ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದು ಆಗಬಹುದು. ಘಾಟಿ ಇಳಿಯುವ ನಿಮಗೆ ನಾನು ಡಾಟ್ 4 ಹೇಳುತ್ತೇನೆ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಸಂಪಾಜೆ ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇಟ್ಟರೆ ಡ್ರಮ್ಮಿನ ಕಾವು ಸಿಲಿಂಡರಿಗೆ ತಲುಪಿ, ಆಯಿಲ್ ಕುದಿದು ಆವಿಯಾಗಿ, ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಸೀಲ್ ಒಡೆಯದ ಡಬ್ಬಿಯನ್ನೇ ತನ್ನಿ. ಡಾಟ್ 5 ಎಂದು ಸಿಗುವುದು ಸಿಲಿಕಾನಿನದು, ಅದನ್ನು ಇವುಗಳ ಜೊತೆ ಬೆರೆಸಬೇಡಿ.

ಪೈಪುಗಳೊಳಗಿನ ಗಾಳಿ (ಏರ್) ತೆಗೆಯುವ ಮೊದಲು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಹತ್ತಿರವಾಗಿ ಅಡ್ಜಸ್ಟ್ ಮಾಡಿಸಿ. ನಂತರ, ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಬಲು ದೂರವಿರುವ ಹಿಂದಿನ ಎಡ ಚಕ್ರದಿಂದ ಆರಂಭಿಸಿ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದು ಬನ್ನಿ. ನಡುವೆ ಬ್ರೇಕ್ ಆಯಿಲ್ ಟ್ಯಾಂಕ್ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಒರೆಸುತ್ತ ಕೂರದೆ ತಕ್ಷಣ ನೀರು ಸುರಿಯಿರಿ.

ಕೊನೆಗೆ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರಲಿ. ನೀವು ಒಣ ಕಾಗದದಿಂದ ಪ್ರತಿ ಜಾಯಿಂಟನ್ನೂ ಒತ್ತಿ ನೋಡಿ. ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋಗಿ, ಕಾಗದ ಎಲ್ಲೂ ಒದ್ದೆಯಾಗದಿದ್ದರೆ ಅನುಮಾನ ಮಾಸ್ಟರ್ ಸಿಲಿಂಡರಿನ ವಾಷರ್ ಮೇಲೆ. ತೋಟದ ಒಳರಸ್ತೆಯಲ್ಲಿ ಓಡಿಸಿ ಬಂದು ಇನ್ನೊಮ್ಮೆ ಹೀಗೆಯೇ ನೋಡಿ, ಆಮೇಲೆ ಮಡಿಕೇರಿಗೆ ಹೊರಡಿ.