ಮನೆಯಲ್ಲಿ ಮಾತಿನ ಮಲ್ಲಿ, ಶಾಲೆಯಲ್ಲಿ ತುಟಿಪಿಟಿಕ್ ಇಲ್ಲ

ಮೊನ್ನೆ ಹೊರನಾಡ ಕನ್ನಡಿಗರ ನಮ್ಮ ಗುಂಪಿನಲ್ಲಿ ಮುಂಬೈ ಹತ್ತಿರದ ಕಲ್ಯಾಣದ ಒಬ್ಬ ತಾಯಿ ಕೇಳಿದ್ದರು. ಆರು ವರ್ಷದ ಮಗನನ್ನು ಥೆರಪಿಸ್ಟ್‌ಗೆ ತೋರಿಸಿ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಮನೆಯವರು "ನಮ್ಮ ಹುಡುಗನಿಗೇನು ಹುಚ್ಚಾ" ಅಂತ ಸಿಟ್ಟಾಗಿದ್ದಾರೆ. ಮುಂಬೈಯಲ್ಲಿ ಕನ್ನಡ ಬರುವ ಥೆರಪಿಸ್ಟ್ ಯಾರಾದರೂ ಇದ್ದಾರಾ ಅಂತ ಪ್ರಶ್ನೆ. ನಾವೂ ಈ ದಾರಿಯಲ್ಲಿ ನಡೆದವರು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಾವು ಶಿವಮೊಗ್ಗದಿಂದ ಡೊಂಬಿವಲಿಗೆ ಬಂದಾಗ ಮಗಳಿಗೆ ಐದು ತುಂಬಿತ್ತು. ನನ್ನ ಜೊತೆ ಕನ್ನಡ, ಅಜ್ಜಿಯ ಜೊತೆ ತುಳು. ಮನೆಯಲ್ಲಿ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಜೊತೆಗೆ ಮರಾಠಿ. 2020ರ ಕಾನೂನು ಬಂದ ಮೇಲೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಅಲ್ವಾ. ಜೂನ್‌ನಿಂದ ದೀಪಾವಳಿ ತನಕ ಅವಳು ಶಾಲೆಯಲ್ಲಿ ಒಂದೇ ಒಂದು ಮಾತಾಡಲಿಲ್ಲ. ಬಾತ್‌ರೂಮಿಗೆ ಹೋಗಬೇಕು ಅಂತಲೂ ಕೇಳಲಿಲ್ಲ. ಒಂದು ದಿನ ಒದ್ದೆ ಯೂನಿಫಾರ್ಮ್‌ನಲ್ಲೇ ವ್ಯಾನ್ ಇಳಿದಳು. ಅವತ್ತು ನನಗೆ ಊಟ ಸೇರಲಿಲ್ಲ.

ಹೊಸ ಭಾಷೆಯ ಊರಿಗೆ ಬಂದ ಮಕ್ಕಳು ಕೆಲವು ತಿಂಗಳು ಸುಮ್ಮನಿರುವುದು ಸಹಜ. ಕಿವಿ ತುಂಬಿಸಿಕೊಳ್ಳುತ್ತಿರುತ್ತಾರೆ. ಇದೂ ಹಾಗೇ ಅಂತ ನಾನು ಕಾದೆ. ಆದರೆ ಕೆಳಗಿನ ಮನೆಯ ಹುಬ್ಬಳ್ಳಿ ಆಂಟಿ ಅಚ್ಚ ಕನ್ನಡದಲ್ಲಿ ಕರೆದರೂ ಇವಳು ಕಲ್ಲಿನ ಹಾಗೆ ನಿಂತುಬಿಡುತ್ತಿದ್ದಳು. ಆಮೇಲೆ ಲಿಫ್ಟ್‌ನಲ್ಲಿ ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಭಾಷೆ ಬರದೆ ಇರುವುದು ಕಾರಣವಾಗಿದ್ದರೆ ಕನ್ನಡದವರ ಹತ್ತಿರವಾದರೂ ಮಾತಾಡಬೇಕಿತ್ತಲ್ಲ? ಇದಕ್ಕೆ ಸೆಲೆಕ್ಟಿವ್ ಮ್ಯೂಟಿಸಂ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಇದು ಹಟವಲ್ಲ, ಸೊಕ್ಕೂ ಅಲ್ಲ. ಆತಂಕದ ತೊಂದರೆ. ಕೆಲವು ಜಾಗ, ಕೆಲವು ಜನರ ಮುಂದೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಶಾಲೆ ಸೇರಿದ ಮೊದಲ ತಿಂಗಳನ್ನು ಇದರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದಾಟಿಯೂ ಮೌನ ಮುಂದುವರಿದರೆ ತೋರಿಸಬೇಕು. ನಾನು ಐದು ತಿಂಗಳು ಕಾದದ್ದು ಜಾಸ್ತಿಯೇ ಆಯಿತು.

ಮೊದಲು ಹೋಗಿದ್ದು ಸ್ಟೇಷನ್ ಹತ್ತಿರದ ಒಂದು ಸೆಂಟರ್‌ಗೆ. ಹೆಸರು ಬೇಡ ಬಿಡಿ. ಮಗುವಿನ ಮುಖ ನೋಡುವ ಮೊದಲೇ 24 ಸೆಷನ್‌ನ ಪ್ಯಾಕೇಜ್ ಮುಂದಿಟ್ಟರು, ದುಡ್ಡು ಮುಂಗಡ. ಒಳಗೆ ಏನು ಮಾಡುತ್ತೀರಿ ಅಂತ ಕೇಳಿದರೆ "ನೀವು ಹೊರಗೆ ಕೂತಿರಿ". ಮೂರನೇ ಸಲಕ್ಕೆ ಬಂದ ಸಲಹೆ: ಮನೆಯಲ್ಲಿ ಕನ್ನಡ, ತುಳು ಎರಡನ್ನೂ ನಿಲ್ಲಿಸಿ, ಹಿಂದಿ ಮಾತ್ರ ಮಾತಾಡಿ. ನಮ್ಮತ್ತೆಗೆ ಬರುವ ಹಿಂದಿ ತರಕಾರಿಯವನ ಜೊತೆ ಚೌಕಾಸಿಗೆ ಮಾತ್ರ ಸಾಲುತ್ತದೆ. ಅಜ್ಜಿ, ಮೊಮ್ಮಗಳು ಒಂದು ವಾರ ಮುಖ ಮುಖ ನೋಡಿಕೊಂಡು ಕೂತರು. ಮಗು ಮಾತಾಡುತ್ತಿದ್ದ ಒಂದೇ ಜಾಗದಲ್ಲೂ ನಾವೇ ಬಾಯಿ ಮುಚ್ಚಿಸಿದ ಹಾಗಾಯಿತು.

ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನರಿಗೆ ಈ ಸಲಹೆ ಸಿಕ್ಕಿದೆ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಾತು ತಡವಾಗುವುದಿಲ್ಲ, ಮಗು ಹಾಳೂ ಆಗುವುದಿಲ್ಲ. ಅಳೆಯುವವರು ಸರಿಯಾಗಿ ಅಳೆಯಬೇಕು ಅಷ್ಟೇ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು ಅಂತ ನೋಡುತ್ತಾರಲ್ಲ, ಆಗ ಕನ್ನಡದ 20, ತುಳುವಿನ 15, ಹಿಂದಿಯ 15 ಎಲ್ಲ ಕೂಡಿಸಬೇಕು. ಹಿಂದಿಯದು ಮಾತ್ರ ಎಣಿಸಿ "ಮಗು ಹಿಂದುಳಿದಿದೆ" ಅಂದರೆ ತಪ್ಪು ಲೆಕ್ಕ. ಅಸೆಸ್‌ಮೆಂಟ್‌ಗೆ ಹೋಗುವಾಗ ಮನೆಯ ಭಾಷೆಗಳನ್ನೆಲ್ಲ ನೀವೇ ಬಾಯಿಬಿಟ್ಟು ಹೇಳಿ.

ಎರಡನೇ ಸಲ ನಾನು ಹುಷಾರಾದೆ. ಥೆರಪಿಸ್ಟ್ ಅನ್ನುವುದು ದೊಡ್ಡ ಕೊಡೆ, ಅದರ ಕೆಳಗೆ ಯಾರು ಯಾರೋ ನಿಂತಿರುತ್ತಾರೆ. ಸೈಕಿಯಾಟ್ರಿಸ್ಟ್ ಎಂಬಿಬಿಎಸ್ ಓದಿದ ಡಾಕ್ಟರ್, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ, ಪರೀಕ್ಷೆ ಮತ್ತು ಥೆರಪಿ ಅವರ ಕೆಲಸ. ಉಚ್ಚಾರ, ಉಗ್ಗು, ಮಾತು ತಡವಾಗುವುದಕ್ಕೆ ಸ್ಪೀಚ್ ಥೆರಪಿಸ್ಟ್. ಪೆನ್ಸಿಲ್ ಹಿಡಿಯುವುದು, ಸದ್ದು ಅಥವಾ ಸ್ಪರ್ಶ ತಡೆಯದೆ ಇರುವುದು ಇಂಥದ್ದಕ್ಕೆ ಆಕ್ಯುಪೇಷನಲ್ ಥೆರಪಿಸ್ಟ್. ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್ ಇವರೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆಗಿರಬೇಕು. 1992ರ ಕಾನೂನು ಅದು. ನಂಬರ್ ಕೇಳಿ. ಸರಿಯಾದವರು ಬೇಜಾರು ಮಾಡಿಕೊಳ್ಳದೆ ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ಗೊತ್ತಾಗದಿದ್ದರೆ ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರನ್ನೇ ಕೇಳಿ.

ಠಾಣೆಯಲ್ಲಿ ಸಿಕ್ಕ ಸೈಕಾಲಜಿಸ್ಟ್ ಮೊದಲ ದಿನ ಮಗಳನ್ನು ಕರೆತರಬೇಡಿ ಅಂದರು. ಒಂದು ಗಂಟೆ ನಮ್ಮಿಬ್ಬರನ್ನೇ ಕೂರಿಸಿಕೊಂಡು ಹೆರಿಗೆಯಿಂದ ಹಿಡಿದು ನಿದ್ದೆ, ಊಟ, ಊರು ಬಿಟ್ಟದ್ದು ಎಲ್ಲ ಕೇಳಿದರು. ಆಮೇಲೆ ಕಿವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಮಾತಿನ ವಿಷಯ ಬಂದರೆ ಮೊದಲು ಕಿವಿ ನೋಡಲೇಬೇಕಂತೆ. ಬಾಂದ್ರಾ ರೆಕ್ಲಮೇಷನ್‌ನಲ್ಲಿರುವ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಮಾಡಿಸಿದೆವು. ಅದು ಕೇಂದ್ರ ಸರ್ಕಾರದ್ದು. ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಗೊತ್ತಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಆಮೇಲೆ ಶುರುವಾದದ್ದು ಆಟ. ನಮ್ಮ ಯಜಮಾನರು "ಆಡೋಕೆ ಇಷ್ಟು ಫೀಸಾ" ಅಂತ ಗೊಣಗಿದರು. ದೊಡ್ಡವರು ಕೂತು ಕಷ್ಟ ಹೇಳಿಕೊಳ್ಳುತ್ತಾರೆ. ಐದು ವರ್ಷದವರು ಗೊಂಬೆಯನ್ನು ಮಂಚದ ಕೆಳಗೆ ಬಚ್ಚಿಟ್ಟು ಹೇಳುತ್ತಾರೆ. 45 ನಿಮಿಷದಲ್ಲಿ ಕೊನೆಯ ಹತ್ತು ನಿಮಿಷ ನನ್ನದು, ಮನೆಗೆಲಸ ಸಮೇತ. "ಆಂಟಿಗೆ ಥ್ಯಾಂಕ್ಸ್ ಹೇಳು, ಹೇಳು" ಅಂತ ಪೀಡಿಸಬಾರದು. ಯಾರಾದರೂ ಪ್ರಶ್ನೆ ಕೇಳಿದರೆ ಅವಳ ಬದಲು ನಾನು ಉತ್ತರ ಕೊಡಬಾರದು, ಮನಸ್ಸಿನಲ್ಲೇ ಐದು ಎಣಿಸಬೇಕು. ಐದು ಸೆಕೆಂಡ್ ಎಷ್ಟು ಉದ್ದ ಅಂತ ನನಗೆ ಆಗಲೇ ತಿಳಿದದ್ದು! ಶಾಲೆಯಲ್ಲಿ ಬೆಳಿಗ್ಗೆ ಖಾಲಿ ಕ್ಲಾಸಿನಲ್ಲಿ ನಾನೂ ಅವಳೂ ಆಡುತ್ತಾ ಮಾತಾಡುವುದು. ಕೆಲವು ದಿನ ಆದ ಮೇಲೆ ಟೀಚರ್ ಬಾಗಿಲ ಹತ್ತಿರ ನಿಲ್ಲುವುದು, ಮತ್ತೊಂದು ವಾರಕ್ಕೆ ಒಳಗೆ ಬಂದು ಕೂರುವುದು, ಕೊನೆಗೆ ನಾನು ಮೆಲ್ಲಗೆ ಹೊರಗೆ ಜಾರುವುದು. ಇದಕ್ಕೆ ಶಾಲೆ ಒಪ್ಪಬೇಕು. ನಮ್ಮ ಪರವಾಗಿ ಥೆರಪಿಸ್ಟೇ ಫೋನ್ ಮಾಡಿದರು.

ಇನ್ನು ಭಾಷೆ. ಠಾಣೆಯ ಆ ಸೈಕಾಲಜಿಸ್ಟ್ ಮರಾಠಿಯವರು, ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ನನಗೂ ಅದೇ ಚಿಂತೆ ಇತ್ತು. ಆಕೆ ನನ್ನಿಂದ ಹತ್ತು ಕನ್ನಡ ಪದ ಬರೆಸಿಕೊಂಡು, ಆಟಿಕೆ ಹಿಡಿದು ಒಂದೊಂದೇ ಹೇಳುತ್ತಾ ಹೋದರು. ಮರಾಠಿಯವರಿಗೆ ಳ, ಣ ತೊಂದರೆಯಿಲ್ಲ. ಆದರೆ ಅವರಲ್ಲಿ ನಮ್ಮ ಹಾಗೆ ಒ ಬೇರೆ, ಓ ಬೇರೆ ಅಂತ ಇಲ್ಲ. ಆರನೇ ವಾರವೋ ಏನೋ, ಗೊಂಬೆಯ ಛತ್ರಿ ಎತ್ತಿ "ಕೋಡೆ" ಅಂದರು. ನಮ್ಮವಳು ಇಷ್ಟು ಮೆಲ್ಲಗೆ, "ಕೋಡೆ ಅಲ್ಲ, ಕೊಡೆ". ಮನೆಯವರಲ್ಲದವರ ಮುಂದೆ ಇಲ್ಲಿ ಅವಳಾಡಿದ ಮೊದಲ ಮಾತು ಅದು. ಆಕೆ ಚಪ್ಪಾಳೆ ಹೊಡೆಯಲಿಲ್ಲ, "ಓಹ್, ಕೊಡೆ" ಅಂತ ಆಟ ಮುಂದುವರಿಸಿದರು. ನಾನಾಗಿದ್ದರೆ ಕುಣಿದು ಕೆಡಿಸಿಬಿಡುತ್ತಿದ್ದೆ.

ಹಾಗಾಗಿ ಕನ್ನಡದವರೇ ಬೇಕು ಅಂತ ಹಟ ಹಿಡಿಯಬೇಡಿ ಅಂತ ನನ್ನ ಅಭಿಪ್ರಾಯ. ಮಗುವಿನ ಭಾಷೆಗೆ ಮರ್ಯಾದೆ ಕೊಡುವವರು ಸಾಕು. ಆದರೆ ಮಾತನ್ನೇ ಅಳೆಯುವ ಪರೀಕ್ಷೆಯಾದರೆ, ಅಥವಾ ಹದಿಹರೆಯದವರು ಮನಸ್ಸು ಬಿಚ್ಚಿ ಹೇಳಿಕೊಳ್ಳಬೇಕಾದರೆ, ಭಾಷೆ ಬಹಳ ಮುಖ್ಯ. ದೊಡ್ಡ ಮಕ್ಕಳಿಗೆ ಬೆಂಗಳೂರಿನವರ ಜೊತೆ ಆನ್‌ಲೈನ್ ನಡೆಯುತ್ತದೆ. ಚಿಕ್ಕವರು ಸ್ಕ್ರೀನ್ ಮುಂದೆ ಕೂರುವುದು ಕಷ್ಟ. ಸದ್ಯಕ್ಕೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಪುಕ್ಕಟೆ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.

ಖರ್ಚು ಹೆಚ್ಚಾದರೆ ಮುಂಬೈ ಪಾಲಿಕೆಯ ಆಸ್ಪತ್ರೆಗಳು ಸಾಯನ್, ಕೆಇಎಂ, ನಾಯರ್ ಇವೆ. ಕ್ಯೂ ಇರುತ್ತದೆ, ಇಡೀ ದಿನ ಇಟ್ಟುಕೊಂಡು ಹೋಗಿ. ಓದು ಬರಹದ ತೊಂದರೆಗೆ ಬೋರ್ಡ್ ಪರೀಕ್ಷೆಯ ರಿಯಾಯಿತಿ ಸರ್ಟಿಫಿಕೇಟ್ ಬೇಕಾದರೂ ಸರ್ಕಾರಿ ಆಸ್ಪತ್ರೆಯೇ ಗತಿ. ಬೆಳವಣಿಗೆಯ ತೊಂದರೆಗಳಿಗೆ ಉಮ್ಮೀದ್ ಸಂಸ್ಥೆ 2001ರಿಂದ ಮುಂಬೈಯಲ್ಲಿದೆ. ಗೋವಾದವರು ಕೇಳಿದ್ದರು: ಬಾಂಬೋಳಿಯ ಸರ್ಕಾರಿ ಮನೋವೈದ್ಯ ಸಂಸ್ಥೆ ಇದೆ, 1996ರಲ್ಲಿ ಶುರುವಾದ ಸಂಗಾತ್ ಅನ್ನುವ ಸೇವಾ ಸಂಸ್ಥೆ ಇದೆ.

ಮೊದಲ ಭೇಟಿಯಲ್ಲಿ ಗುರಿ ಏನು, ಎಷ್ಟು ವಾರಕ್ಕೊಮ್ಮೆ ಕೂತು ನೋಡೋಣ, ಮಗು ಹೇಳಿದ್ದರಲ್ಲಿ ನಮಗೆ ಏನು ತಿಳಿಸುತ್ತೀರಿ, ಏನು ತಿಳಿಸುವುದಿಲ್ಲ, ಇಷ್ಟು ಕೇಳಿ. ಮೂರು ತಿಂಗಳಲ್ಲಿ ಗ್ಯಾರಂಟಿ ಅನ್ನುವವರಿಂದ ದೂರ ಇರಿ. ನಾಲ್ಕು ಸೆಷನ್ ಆದರೂ ಮಗು ಬಾಗಿಲಲ್ಲೇ ಅಳುತ್ತಿದ್ದರೆ ಅದನ್ನು ಅವರಿಗೇ ಹೇಳಿ. ಆಮೇಲೂ ಸರಿ ಅನಿಸದಿದ್ದರೆ ಬದಲಾಯಿಸಿ, ಅದರಲ್ಲಿ ಸಂಕೋಚ ಯಾಕೆ?

ಕಲ್ಯಾಣದ ಅಕ್ಕಾ, ಮನೆಯವರ ಸಿಟ್ಟಿಗೆ ನನ್ನ ಹತ್ತಿರ ಮದ್ದಿಲ್ಲ. ನಮ್ಮತ್ತೆ ದೃಷ್ಟಿ ತೆಗೆದರು, ನಾನು ಬೇಡ ಅನ್ನಲಿಲ್ಲ. ಯಜಮಾನರನ್ನು ಒಂದು ಸಲ ಸೆಷನ್‌ಗೆ ಕರೆದುಕೊಂಡು ಹೋದೆ, ಗೊಣಗಾಟ ಅರ್ಧ ಇಳಿಯಿತು. ಮಗಳಿಗೆ ಈಗ ಎಂಟು. ಕ್ಲಾಸಿನಲ್ಲಿ ಮಾತಾಡುತ್ತಾಳೆ, ಹುಬ್ಬಳ್ಳಿ ಆಂಟಿಯ ಮನೆಯಲ್ಲಿ ಗಿರ್ಮಿಟ್ ಕೇಳಿ ತಿನ್ನುತ್ತಾಳೆ. ವ್ಯಾನ್ ಅಂಕಲ್ ಜೊತೆ ಮಾತ್ರ ಇನ್ನೂ ಇಲ್ಲ. ಅವರೂ ಒತ್ತಾಯ ಮಾಡುವುದಿಲ್ಲ, ಬೆಳಿಗ್ಗೆ ಕೈ ಬೀಸುತ್ತಾರೆ, ಇವಳೂ ಬೀಸುತ್ತಾಳೆ.